ಹ್ಯಾಕುನಿನ್ ಇಶ್ಶುವಿನ ನೂರೂ ಪದ್ಯಗಳನ್ನು ಆಯ್ದವನು ತೇಯ್ಕಾನೇ?

ಪ್ರಶ್ನೆ: ಜಪಾನಿನ ಕರುತ ಎಂಬ ಎಲೆಯಾಟದಲ್ಲಿ ಬಳಸುವ, ನೂರು ಕವಿಗಳ ಒಂದೊಂದು ಪದ್ಯದ ಸಂಕಲನ ‘ಹ್ಯಾಕುನಿನ್ ಇಶ್ಶು’ವನ್ನು ಕವಿ ಫುಜಿವಾರಾ ನೊ ತೇಯ್ಕಾ 1235ರಲ್ಲಿ ಸಂಕಲಿಸಿದ ಎಂದು ಎಲ್ಲೆಡೆ ಓದುತ್ತೇವೆ. ನಿಜವೇ?

ಉತ್ತರ: ಬಹುಪಾಲು ನಿಜ. ಆಯ್ಕೆಯ ತಿರುಳು ಅವನದೇ. ಕೊನೆಯ ಎರಡು ಪದ್ಯಗಳ ಬಗ್ಗೆ ಮಾತ್ರ ಹಾಗೆ ಗಟ್ಟಿಯಾಗಿ ಹೇಳಲು ಬರುವುದಿಲ್ಲ.

1235 ಎಂಬ ಇಸವಿ ಬಂದದ್ದು ಅವನ ದಿನಚರಿ ‘ಮೇಗೆತ್ಸುಕಿ’ಯಿಂದ. ಆ ವರ್ಷದ ಐದನೇ ತಿಂಗಳ 27ನೇ ದಿನದ ಬರಹದ ಸಾರ ಇಷ್ಟು: ಕ್ಯೋತೊ ಬಳಿಯ ಸಾಗಾದ ತನ್ನ ಮನೆಯ ಜಾರುಬಾಗಿಲುಗಳಿಗೆ ಪದ್ಯ ಬರೆದುಕೊಡಿ ಎಂದು ಸನ್ಯಾಸಿಯೊಬ್ಬ ದುಂಬಾಲು ಬಿದ್ದ, ನನ್ನ ಅಕ್ಷರ ನೋಡುವಂತಿಲ್ಲ, ಆದರೂ ಬರೆದು ಕಳಿಸಿದೆ, ಹಳೆಯ ಕಾಲದ ತೆಂಜಿ ಚಕ್ರವರ್ತಿಯಿಂದ ಹಿಡಿದು ನಮ್ಮ ಕಾಲದ ಕವಿಗಳಾದ ಇಯೆತಾಕಾ, ಮಾಸಾತ್ಸುನೆಯವರೆಗೆ ಒಬ್ಬೊಬ್ಬರದು ಒಂದೊಂದು. ಈ ಸನ್ಯಾಸಿ ಉತ್ಸುನೊಮಿಯಾ ಯೊರಿತ್ಸುನಾ, ತೇಯ್ಕಾನ ಮಗ ತಾಮೆಇಯೆಗೆ ಹೆಣ್ಣು ಕೊಟ್ಟ ಮಾವ. ಬೀಗರಿಗೆ ಇಲ್ಲ ಅನ್ನುವುದು ಅಲ್ಲೂ ಸುಲಭವಿರಲಿಲ್ಲವೇನೋ.

ಈ ಬರಹದಲ್ಲಿ ನೂರು ಎಂಬ ಲೆಕ್ಕ ಇಲ್ಲ, ಸಂಕಲನದ ಹೆಸರೂ ಇಲ್ಲ. ಇದು ಸಣ್ಣ ಸಂಗತಿಯಲ್ಲ, ಏಕೆಂದರೆ ತೇಯ್ಕಾ ಲೆಕ್ಕ ಬಿಡುವ ಜಾತಿಯವನಲ್ಲ. ಎರಡೇ ವಾರ ಹಿಂದೆ, 13ರಂದು, ಹಳೆಯ ಕವಿ ತ್ಸುರಾಯುಕಿಯ ಪ್ರವಾಸ ದಿನಚರಿ ‘ತೊಸಾ ನಿಕ್ಕಿ’ಯನ್ನು ಮೂಲ ಹಸ್ತಪ್ರತಿಯಿಂದಲೇ ಎರಡು ದಿನದಲ್ಲಿ ನಕಲು ಮಾಡಿ ಮುಗಿಸಿದ್ದ. ವಯಸ್ಸು ಎಪ್ಪತ್ತು ದಾಟಿತ್ತು, ಕಣ್ಣು ಹೆಚ್ಚುಕಡಿಮೆ ಕುರುಡಾಗಿತ್ತು. ಆದರೂ ಹಾಳೆಯ ಎತ್ತರ, ಅಗಲ ಅಳೆದು ಬರೆದಿಟ್ಟ. ಹಾಳೆಗಳು 26 ಎಂದು ಎಣಿಸಿದ. ಮೂಲ ಕೈಬರಹ ಹೇಗಿತ್ತೆಂದು ಮುಂದಿನವರಿಗೆ ತಿಳಿಯಲೆಂದು ಕೊನೆಯ ಭಾಗವನ್ನು ಅದೇ ಅಕ್ಷರದ ಓರೆಕೋರೆಗಳೊಂದಿಗೆ ಮೂಡಿಸಿದ.

ಅನುಮಾನ ಬಲವಾದದ್ದು 1951ರಲ್ಲಿ. ಜಪಾನಿನ ಅರಮನೆಯ ಗ್ರಂಥ ಭಂಡಾರದಲ್ಲಿ 101 ಪದ್ಯಗಳ ‘ಹ್ಯಾಕುನಿನ್ ಶೂಕಾ’ ಸಿಕ್ಕಿತು. ಅದರ 97 ಪದ್ಯಗಳು ಹ್ಯಾಕುನಿನ್ ಇಶ್ಶುವಿನಲ್ಲೂ ಇವೆ. ತೊಶಿಯೊರಿ ಎಂಬ ಕವಿ ಎರಡರಲ್ಲೂ ಇದ್ದಾನೆ, ಪದ್ಯ ಮಾತ್ರ ಬೇರೆ. ಉಳಿದ ಮೂವರು ಕವಿಗಳು ಹ್ಯಾಕುನಿನ್ ಇಶ್ಶುವಿನಲ್ಲಿಲ್ಲ. ಶೂಕಾದಲ್ಲಿ ಇಲ್ಲದವರು ಗೊ-ತೊಬಾ ಮತ್ತು ಜುಂತೊಕು, ಅಂದರೆ 99 ಮತ್ತು 100ನೇ ಪದ್ಯಗಳ ಕರ್ತೃಗಳು.

ಈ ಇಬ್ಬರು ಮಾಜಿ ಚಕ್ರವರ್ತಿಗಳು 1221ರ ಜೋಕ್ಯೂ ದಂಗೆಯಲ್ಲಿ ಕಾಮಾಕುರಾದ ಸೈನಿಕ ಸರ್ಕಾರಕ್ಕೆ ಸೋತು, ಒಬ್ಬ ಓಕಿ ದ್ವೀಪಕ್ಕೆ, ಇನ್ನೊಬ್ಬ ಸಾದೊ ದ್ವೀಪಕ್ಕೆ ಗಡಿಪಾರಾದವರು. ಬೀಗ ಯೊರಿತ್ಸುನಾ ಅದೇ ಕಾಮಾಕುರಾದ ಸಾಮಂತ ಮನೆತನದವನು. ಅದೇ ಹೊತ್ತಿಗೆ ತೇಯ್ಕಾ ರಾಜಾಜ್ಞೆಯಂತೆ ಸಂಕಲಿಸುತ್ತಿದ್ದ ‘ಶಿನ್ ಚೊಕುಸೆನ್ಶೂ’ವಿನಿಂದಲೂ ಗಡಿಪಾರಾದವರ ಪದ್ಯಗಳನ್ನು, ಸುಮಾರು ನೂರರಷ್ಟು, ಮೇಲಿನವರ ಒತ್ತಡಕ್ಕೆ ಕಿತ್ತುಹಾಕಬೇಕಾಯಿತು. ಅಂಥ ದಿನಗಳಲ್ಲಿ ಅವರ ಪದ್ಯವನ್ನು ಬೀಗನ ಬಾಗಿಲಿಗೆ ಬರೆದುಕೊಟ್ಟ ಎಂದು ನಂಬುವುದು ಕಷ್ಟ.

ಹೆಸರುಗಳದ್ದೂ ಒಂದು ತೊಡಕಿದೆ. ಗೊ-ತೊಬಾ ಎಂಬ ಮರಣೋತ್ತರ ಹೆಸರು ಕೊಟ್ಟದ್ದು 1242ರಲ್ಲಿ, ಜುಂತೊಕು ಎಂಬುದು 1249ರಲ್ಲಿ. ತೇಯ್ಕಾ ತೀರಿಕೊಂಡದ್ದು 1241ರಲ್ಲಿ. ಆದ್ದರಿಂದ ಕನಿಷ್ಠ ಆ ಹೆಸರುಗಳಂತೂ ಅವನ ಕೈಯವಲ್ಲ. ಹೆಸರು ಆಮೇಲೆ ಬದಲಾಗಿರಬಹುದು, ಪದ್ಯ ಅವನೇ ಆರಿಸಿದ್ದು ಎಂದು ವಾದಿಸುವವರೂ ಇದ್ದಾರೆ. ಗೊ-ತೊಬಾನ ಆಸ್ಥಾನದಲ್ಲೇ ಅವನು ಬೆಳಗಿದ್ದರಿಂದ ಆ ವಾದ ಪೂರ್ತಿ ಪೊಳ್ಳಲ್ಲ. ಸೇರಿಸಿದವನು ಮಗ ತಾಮೆಇಯೆ ಎಂಬುದು ಹಳೆಯ ಊಹೆ. ತೇಯ್ಕಾನ ಶೂಕಾವನ್ನು ಮುಂದಿಟ್ಟುಕೊಂಡು ಅವನ ನಂತರದವರು ಹ್ಯಾಕುನಿನ್ ಇಶ್ಶುವನ್ನು ರೂಪಿಸಿದರು ಎಂಬ ವಾದ ಈಚೆಗೆ ಬಲವಾಗುತ್ತಿದೆ.