ಪ್ಲೇ ಒತ್ತುವ ಮುಂಚೆ ಒಂದು ಪ್ರಶ್ನೆ

ಶಿಕ್ಷಕರ ತರಬೇತಿಗಳಲ್ಲಿ ಒಂದು ತ್ರಿಕೋನದ ಚಿತ್ರ ಆಗಾಗ ಕಾಣಿಸಿಕೊಳ್ಳುತ್ತದೆ. ಓದಿದ್ದರಲ್ಲಿ ಶೇ. 10 ನೆನಪಿರುತ್ತದೆ, ಕೇಳಿದ್ದರಲ್ಲಿ ಶೇ. 20, ನೋಡಿದ್ದರಲ್ಲಿ ಶೇ. 30, ಕೈಯಾರೆ ಮಾಡಿದ್ದರಲ್ಲಿ ಶೇ. 90. ಎಲ್ಲ ಅಂಕಿಗಳೂ ಸೊನ್ನೆಯಲ್ಲೇ ಮುಗಿಯುತ್ತವೆ, ನೋಡಿ. ನಿಜವಾಗಿ ಜನರನ್ನು ಕೂರಿಸಿ ಪರೀಕ್ಷೆ ಮಾಡಿದ್ದರೆ ಉತ್ತರ ಇಷ್ಟು ನೀಟಾಗಿ ಬರುತ್ತಿತ್ತೇ? ಈ ತ್ರಿಕೋನ ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್ 1946ರಲ್ಲಿ ಕೊಟ್ಟದ್ದು. ನೇರ ಅನುಭವದಿಂದ ಹಿಡಿದು ಬರೀ ಮಾತಿನವರೆಗೆ ಅನುಭವಗಳನ್ನು ಜೋಡಿಸಿ ತೋರಿಸುವುದಷ್ಟೇ ಅವರ ಉದ್ದೇಶ. ಅವರ ಚಿತ್ರದಲ್ಲಿ ಒಂದೇ ಒಂದು ಅಂಕಿಯೂ ಇರಲಿಲ್ಲ. ಅಂಕಿಗಳು ಆಮೇಲೆ ಅಂಟಿಕೊಂಡವು, ಇವತ್ತಿಗೂ ಬಿಟ್ಟಿಲ್ಲ.

ಇದರ ಜೊತೆಗೇ ಬರುವ ಇನ್ನೊಂದು ಮಾತು: ಕೆಲವು ಮಕ್ಕಳು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇನ್ನೂ ಮೂವರು ಮನೋವಿಜ್ಞಾನಿಗಳು ಇದರ ಪುರಾವೆಗಳನ್ನೆಲ್ಲ ಜಾಲಾಡಿದರು. ಮಕ್ಕಳಿಗೆ ಇಷ್ಟಗಳು ಬೇರೆ ಬೇರೆ ಇರುತ್ತವೆ, ನಿಜ. ಆದರೆ ಆ ಇಷ್ಟಕ್ಕೆ ತಕ್ಕಂತೆ ಪಾಠ ಮಾಡಿದರೆ ಜಾಸ್ತಿ ಕಲಿಯುತ್ತಾರೆ ಎನ್ನುವುದಕ್ಕೆ ಸಾಕಷ್ಟು ಆಧಾರ ಸಿಗಲಿಲ್ಲ. ಯೋಚಿಸಿದರೆ ಸಹಜವೇ. ಭೂಪಟವನ್ನು ಎಲ್ಲರಿಗೂ ಕಣ್ಣಿಗೇ ತೋರಿಸಬೇಕು, ಪದದ ಉಚ್ಚಾರಣೆಯನ್ನು ಎಲ್ಲರಿಗೂ ಕಿವಿಗೇ ಕೇಳಿಸಬೇಕು. ಯಾವುದು ಬೇಕು ಎಂದು ತೀರ್ಮಾನಿಸುವುದು ವಿಷಯ, ಮಗುವಿನ ಜಾತಕವಲ್ಲ.

ಈ ನಂಬಿಕೆಗಳ ಮೇಲೆ ನನಗೆ ಸಿಟ್ಟು ಬರುವುದಕ್ಕೆ ಕಾರಣವಿದೆ. ಪ್ರೊಜೆಕ್ಟರ್ ಹಾಕಿ ವಿಡಿಯೊ ತೋರಿಸಿದರೆ ಪಾಠ ಆಯಿತು ಎಂಬ ಧೈರ್ಯವನ್ನು ಇವು ಕೊಡುತ್ತವೆ.

ಈ ಧೈರ್ಯ ಹಳೆಯದು. ಚಿತ್ರದ ಮೂಲಕ ಕಲಿಸುವ ಆಸೆಯಂತೂ ಇನ್ನೂ ಹಳೆಯದು. 1658ರಲ್ಲಿ ಕೊಮೇನಿಯಸ್ ಎಂಬ ಶಿಕ್ಷಣತಜ್ಞ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಮಕ್ಕಳಿಗಾಗಿ ಸಚಿತ್ರ ಪಠ್ಯಪುಸ್ತಕ ತಂದರು. ಚಿತ್ರದೊಳಗಿನ ವಸ್ತುಗಳಿಗೆ ಅಂಕಿ ಹಾಕಿ, ಅದೇ ಅಂಕಿಯನ್ನು ಪಕ್ಕದ ಸಾಲುಗಳಲ್ಲೂ ಕೊಟ್ಟಿದ್ದರು. ಕಣ್ಣು ಯಾವ ಪದಕ್ಕೆ ಎಲ್ಲಿ ನೋಡಬೇಕು ಎಂದು ಆತ ಮುನ್ನೂರ ಅರವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಯೋಚಿಸಿದ್ದ! ಇವತ್ತಿನ ಎಷ್ಟೋ ವಿಡಿಯೊಗಳಲ್ಲಿ ಆ ಯೋಚನೆ ಕಾಣುವುದಿಲ್ಲ. ಆಮೇಲೆ ಸಿನಿಮಾ ಬಂತು. ಶಾಲೆಗಳಲ್ಲಿ ಪುಸ್ತಕಗಳು ಬೇಗನೆ ಮೂಲೆ ಸೇರುತ್ತವೆ, ಹತ್ತು ವರ್ಷಗಳಲ್ಲಿ ಶಾಲಾ ವ್ಯವಸ್ಥೆಯೇ ಬದಲಾಗುತ್ತದೆ ಎಂದು ಥಾಮಸ್ ಎಡಿಸನ್ 1913ರಲ್ಲಿ ಹೇಳಿದ. ಪುಸ್ತಕಗಳು ಇನ್ನೂ ಇವೆ. ಆತ ಸಿನಿಮಾ ಮಾರುವವನೂ ಆಗಿದ್ದ ಎನ್ನುವುದನ್ನು ಮರೆಯಬಾರದು.

ಹಾಗಾದರೆ ಚಲಿಸುವ ಚಿತ್ರ ಎಲ್ಲಿ ಸೋಲುತ್ತದೆ? ಇದು ನನ್ನ ಮೆಚ್ಚಿನ ವಿಷಯ, ಸ್ವಲ್ಪ ತಾಳ್ಮೆ ಇರಲಿ.

ನಾವು ಯೋಚಿಸುವಾಗ ವಿಷಯಗಳನ್ನು ಕ್ಷಣಕಾಲ ಹಿಡಿದಿಟ್ಟುಕೊಳ್ಳುವ ನೆನಪಿಗೆ ವರ್ಕಿಂಗ್ ಮೆಮೊರಿ ಎನ್ನುತ್ತಾರೆ. ಅದು ತೀರ ಇಕ್ಕಟ್ಟು. ಹೊಸ ಸಂಗತಿಗಳಾದರೆ ಒಂದು ಸಲಕ್ಕೆ ನಾಲ್ಕರಷ್ಟು ಹಿಡಿದರೆ ಹೆಚ್ಚು. 1974ರಲ್ಲಿ ಬ್ರಿಟನ್ನಿನ ಮನೋವಿಜ್ಞಾನಿಗಳಾದ ಆಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ ಇದರಲ್ಲಿ ಬೇರೆ ಬೇರೆ ಭಾಗಗಳಿವೆ ಎಂದು ತೋರಿಸಿದರು. ಮಾತಿಗೆ ಒಂದು, ನೋಟಕ್ಕೆ ಇನ್ನೊಂದು. ಚಿತ್ರ ತೋರಿಸುತ್ತಾ ಬಾಯಲ್ಲಿ ವಿವರಿಸಿದರೆ ಎರಡೂ ಕೆಲಸಕ್ಕೆ ಬರುತ್ತವೆ. ಚಿತ್ರದ ಶಕ್ತಿ ಇರುವುದು ಇಲ್ಲಿ.

ಈಗ ಹೃದಯದ ಅನಿಮೇಶನ್ ನೆನಪಿಸಿಕೊಳ್ಳಿ. ನಾಲ್ಕು ಕೋಣೆ, ನಾಲ್ಕು ಕವಾಟ, ನೀಲಿ ರಕ್ತ, ಕೆಂಪು ರಕ್ತ, ಎಲ್ಲವೂ ಒಟ್ಟಿಗೆ ಕುಣಿಯುತ್ತವೆ. ಹಿನ್ನೆಲೆಯಲ್ಲಿ ದನಿ ಮಾತಾಡುತ್ತಿದೆ. ಅದೇ ಮಾತು ಕೆಳಗೆ ಅಕ್ಷರದಲ್ಲೂ ಓಡುತ್ತಿದೆ. ಬಲ ಹೃತ್ಕರ್ಣ, ಅಂದರೆ ಬಲಗಡೆಯ ಮೇಲಿನ ಕೋಣೆ, ಯಾವುದು ಎಂದು ಮಗು ಹುಡುಕುವಷ್ಟರಲ್ಲಿ ರಕ್ತ ಶ್ವಾಸಕೋಶಕ್ಕೆ ಹೋಗಿ ವಾಪಸ್ ಬಂದಿರುತ್ತದೆ. ಓಡುವ ಬಸ್ಸಿನ ಬೋರ್ಡ್ ಓದುವ ಕಷ್ಟವೇ ಇದು. ಅಕ್ಷರ ಗೊತ್ತು, ಬಸ್ಸು ನಿಲ್ಲುವುದಿಲ್ಲ. ಹಿಂದಿನ ದೃಶ್ಯವನ್ನು ತಲೆಯಲ್ಲಿ ಹಿಡಿದುಕೊಂಡೇ ಮುಂದಿನದನ್ನು ನೋಡಬೇಕು. ಆ ನಾಲ್ಕು ಜಾಗ ಅದಕ್ಕೇ ಖರ್ಚಾಗಿಹೋದರೆ ಅರ್ಥ ಮಾಡಿಕೊಳ್ಳುವುದಕ್ಕೆ ಏನು ಉಳಿಯುತ್ತದೆ? ಅದೇ ವಾಕ್ಯವನ್ನು ತೆರೆಯ ಮೇಲೂ ಓದಿಸಿದರೆ ಇನ್ನೂ ಕಷ್ಟ. ಓದುವ ಕಣ್ಣು ಚಿತ್ರವನ್ನು ಬಿಟ್ಟಿರುತ್ತದೆ.

ಸುಮ್ನೆ ಹೇಳುತ್ತಿಲ್ಲ. 2002ರಲ್ಲಿ ಮನೋವಿಜ್ಞಾನಿ ಬಾರ್ಬರಾ ಟ್ವೆರ್ಸ್ಕಿ ಮತ್ತು ಸಂಗಡಿಗರು ಅನಿಮೇಶನ್ ಕುರಿತ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ನಿಂತ ಚಿತ್ರಗಳಲ್ಲೂ ಅಷ್ಟೇ ಮಾಹಿತಿ ಇದ್ದಾಗ ಅನಿಮೇಶನ್ ಗೆದ್ದದ್ದು ಅಪರೂಪ. 2005ರಲ್ಲಿ ಇನ್ನೊಬ್ಬ ಮನೋವಿಜ್ಞಾನಿ ರಿಚರ್ಡ್ ಮೇಯರ್ ತಂಡ ಮಿಂಚು, ಬ್ರೇಕು, ಸಮುದ್ರದ ಅಲೆಗಳಂಥ ವಿಷಯಗಳ ಮೇಲೆ ಪರೀಕ್ಷೆ ಮಾಡಿತು. ಕಾಗದದ ಮೇಲಿನ ಚಿತ್ರ ಮತ್ತು ಬರಹ ನೋಡಿದವರು ಅನಿಮೇಶನ್ ನೋಡಿದವರಿಗಿಂತ ಹಿಂದೆ ಬೀಳಲಿಲ್ಲ. ಕೆಲವು ಕಡೆ ಮುಂದೆಯೇ ಇದ್ದರು.

ಹಾಗಂತ ಪ್ರೊಜೆಕ್ಟರ್ ಮಡಚಿಡಬೇಕಿಲ್ಲ. ಹಾರ್ವರ್ಡ್‌ನಲ್ಲಿ ಭೌತವಿಜ್ಞಾನಿ ಎರಿಕ್ ಮಝೂರ್ ತಂಡ 2004ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ. ಭೌತಶಾಸ್ತ್ರ ತರಗತಿಯಲ್ಲಿ ಪ್ರಯೋಗಗಳನ್ನು ಮಾಡಿ ತೋರಿಸುತ್ತಾರಲ್ಲ, ಅದನ್ನು ಸುಮ್ಮನೆ ಕೂತು ನೋಡಿದವರಿಗೂ ನೋಡದೇ ಇದ್ದವರಿಗೂ ತಿಳಿವಳಿಕೆಯಲ್ಲಿ ಹೆಚ್ಚು ವ್ಯತ್ಯಾಸ ಇರಲಿಲ್ಲ. ಇನ್ನೊಂದು ಗುಂಪಿಗೆ ಮಾತ್ರ ಏನಾಗುತ್ತದೆ ಹೇಳಿ ಎಂದು ಮೊದಲೇ ಕೇಳಿದ್ದರು. ಆ ಗುಂಪು ಚೆನ್ನಾಗಿ ಅರ್ಥ ಮಾಡಿಕೊಂಡಿತ್ತು. ಊಹಿಸುವುದಕ್ಕೆ ಹಿಡಿದದ್ದು ಒಂದೆರಡು ನಿಮಿಷ ಅಷ್ಟೇ.

ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳು, ಅಂದರೆ ಕಂಪ್ಯೂಟರ್ ತೆರೆಯ ಮೇಲೆ ನಾವೇ ಬದಲಾಯಿಸಿ ನೋಡಬಹುದಾದ ಪ್ರಯೋಗಗಳು, ನಿಮಗೆ ಗೊತ್ತಿರಬಹುದು. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ಹಣ ಕೊಡಬೇಕಿಲ್ಲ, ಹಲವು ಭಾಷೆಗಳಲ್ಲಿವೆ. ಅದರಲ್ಲಿ ವಿದ್ಯುತ್ ಮಂಡಲ ಕಟ್ಟುವುದನ್ನು ತೆರೆಯಿರಿ. ಒಂದು ಬ್ಯಾಟರಿ, ಒಂದರ ಹಿಂದೆ ಒಂದರಂತೆ ಎರಡು ಬಲ್ಬ್, ಒಂದು ಸ್ವಿಚ್. ಸ್ವಿಚ್ ಮುಟ್ಟಬೇಡಿ. ಯಾವ ಬಲ್ಬ್ ಜಾಸ್ತಿ ಬೆಳಗುತ್ತದೆ? ಪ್ರತಿಯೊಬ್ಬರೂ ನೋಟ್ ಪುಸ್ತಕದಲ್ಲಿ ಬರೆಯಲಿ, ಕಾರಣದ ಸಮೇತ. ಮೊದಲನೆಯದು ಎನ್ನುವವರು ಬಹಳ ಜನ ಇರುತ್ತಾರೆ. ಕರೆಂಟನ್ನು ಮೊದಲ ಬಲ್ಬ್ ತಿಂದು ಉಳಿದದ್ದನ್ನು ಎರಡನೆಯದಕ್ಕೆ ಕೊಡುತ್ತದೆ ಎಂಬುದು ಅವರ ಲೆಕ್ಕ. ದೊಡ್ಡವರ ಲೆಕ್ಕವೂ ಎಷ್ಟೋ ಸಲ ಅದೇ.

ಈಗ ಸ್ವಿಚ್ ಒತ್ತಿ. ಎರಡೂ ಒಂದೇ ಸಮ ಬೆಳಗುತ್ತವೆ. ತರಗತಿಯಲ್ಲಿ ಗದ್ದಲ ಏಳುತ್ತದೆ. ಏಳಲಿ. ಕರೆಂಟ್ ಅಳೆಯುವ ಅಮ್ಮೀಟರ್ ಇಡಿ. ಬ್ಯಾಟರಿ 9 ವೋಲ್ಟ್, ಬಲ್ಬ್ ಒಂದೊಂದೂ 10 ಓಮ್ ಆದರೆ, ಮೊದಲ ಬಲ್ಬಿನ ಮುಂಚೆ 0.45 ಆಂಪಿಯರ್, ಎರಡರ ನಡುವೆ 0.45, ಕೊನೆಯಲ್ಲೂ 0.45. ಕರೆಂಟನ್ನು ಯಾರೂ ತಿಂದಿಲ್ಲ! ಬಲ್ಬ್ ತೆಗೆದುಕೊಂಡದ್ದು ಶಕ್ತಿಯನ್ನು. ಇಲ್ಲೇ ನಿಲ್ಲಿಸಬೇಡಿ. ಎರಡನೇ ಬಲ್ಬಿನ ಎರಡೂ ತುದಿಗೆ ಒಂದು ಬರಿಯ ತಂತಿ ಸೇರಿಸಿದರೆ ಏನಾಗುತ್ತದೆ? ಮತ್ತೆ ಊಹೆ ಬರೆಸಿ, ಆಮೇಲೆ ಸೇರಿಸಿ. ಎರಡನೆಯದು ಆರುತ್ತದೆ, ಮೊದಲನೆಯದು ಇನ್ನೂ ಜೋರಾಗಿ ಬೆಳಗುತ್ತದೆ, ಅಮ್ಮೀಟರ್ 0.90 ತೋರಿಸುತ್ತದೆ. ತಪ್ಪು ಊಹಿಸಿದ ಮಗು ಈ ಅಂಕಿಯನ್ನು ನೋಡುವ ರೀತಿಯೇ ಬೇರೆ. ಅದಕ್ಕೆ ಇದು ತನ್ನ ಸ್ವಂತ ಜಗಳ.

ನಿಜವಾದ ಬಲ್ಬ್, ತಂತಿ ಇದ್ದರೆ ಅದೇ ಒಳ್ಳೆಯದಲ್ವಾ ಎಂದು ಕೇಳಬಹುದು. ಅದೇ ವಿಶ್ವವಿದ್ಯಾಲಯದಲ್ಲಿ ಹೋಲಿಸಿ ನೋಡಿದ್ದಾರೆ. 2005ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸಿಮ್ಯುಲೇಶನ್ ಬಳಸಿದವರು ಪ್ರಶ್ನೆಗಳಿಗೆ ಚೆನ್ನಾಗಿ ಉತ್ತರಿಸಿದ್ದಷ್ಟೇ ಅಲ್ಲ, ನಿಜವಾದ ಮಂಡಲ ಕಟ್ಟುವುದರಲ್ಲೂ ಮುಂದಿದ್ದರು. ಸಡಿಲ ತಂತಿ, ಸತ್ತ ಬ್ಯಾಟರಿಗಳ ಕಾಟ ತೆರೆಯ ಮೇಲಿಲ್ಲ. ಕಣ್ಣಿಗೆ ಕಾಣದ ಎಲೆಕ್ಟ್ರಾನ್ ಅಲ್ಲಿ ಕಾಣುತ್ತದೆ. ಆದರೂ ಒಂದು ಸಲ ನಿಜವಾದ ಬಲ್ಬ್ ಹಚ್ಚಿಸಿ. ತೆರೆಯ ಮೇಲಿನದು ಆಟ ಎಂದು ಯಾರಿಗೂ ಅನ್ನಿಸಬಾರದು.

'ಮೊದಲು ಇದನ್ನು ಒತ್ತಿ, ನಂತರ ಅದನ್ನು ಎಳೆಯಿರಿ' ಎಂದು ಉದ್ದನೆಯ ಪಟ್ಟಿ ಕೊಟ್ಟರೂ ಕೆಲಸ ಕೆಡುತ್ತದೆ. ಮಕ್ಕಳು ಪಟ್ಟಿ ಮುಗಿಸುವುದರಲ್ಲೇ ಮುಳುಗುತ್ತಾರೆ. ಒಂದೆರಡು ಒಳ್ಳೆಯ ಪ್ರಶ್ನೆ ಕೊಟ್ಟು ಬಿಟ್ಟುಬಿಡುವುದು ಮೇಲು. ಗಣಿತದ ಚಿತ್ರಗಳನ್ನು ತೆರೆಯ ಮೇಲೆ ಬರೆದು ಎಳೆದಾಡಿಸುವ ಜಿಯೋಜೀಬ್ರಾ ತಂತ್ರಾಂಶದಲ್ಲೂ ಅಷ್ಟೇ. ತ್ರಿಕೋನದ ಮೂಲೆ ಹಿಡಿದು ಎಳೆಯುವ ಮುಂಚೆ ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ ಎಂದು ಕೇಳಿದರೆ ಸಾಕು. ಇನ್ನೊಂದು ಮಾತು: ಇಷ್ಟವಾದದ್ದನ್ನು ಇಳಿಸಿಟ್ಟುಕೊಳ್ಳಿ. ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಅನಿಮೇಶನ್ ಓಡಿಸುವ ತನ್ನ ತಂತ್ರಾಂಶ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿದಾಗ ಎಷ್ಟೋ ಒಳ್ಳೆಯ ಅನಿಮೇಶನ್‌ಗಳು ಕೆಲಸಕ್ಕೆ ಬಾರದಾದವು.

ಕೊನೆಗೆ ಚಿತ್ರಗಳು ಹೇಳುವ ಸುಳ್ಳಿನ ವಿಷಯ. ಸಿಮ್ಯುಲೇಶನ್‌ನಲ್ಲಿ ಎಲೆಕ್ಟ್ರಾನ್‌ಗಳು ಸರಸರ ಓಡುತ್ತವೆ. ಮನೆಯ ತಂತಿಗಳಲ್ಲಿ ಹರಿಯುವಷ್ಟು ಕರೆಂಟಿಗೆ ಅವು ಸೆಕೆಂಡಿಗೆ ಒಂದು ಮಿಲಿಮೀಟರ್ ಕೂಡ ಮುಂದೆ ಸರಿಯುವುದಿಲ್ಲ. ಆದರೂ ಬಲ್ಬ್ ತಕ್ಷಣ ಹತ್ತುತ್ತದೆ, ಯಾಕೆಂದರೆ ತಂತಿಯ ಉದ್ದಕ್ಕೂ ಎಲೆಕ್ಟ್ರಾನ್‌ಗಳು ಮೊದಲೇ ತುಂಬಿಕೊಂಡಿವೆ, ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೇ ಹೊರಡುತ್ತವೆ. ಸೌರಮಂಡಲದ ಅನಿಮೇಶನ್‌ಗಳಂತೂ ದೊಡ್ಡ ಸುಳ್ಳುಗಾರರು. ಭೂಮಿಯ ಪಥವನ್ನು ಉದ್ದನೆಯ ಮೊಟ್ಟೆಯಾಕಾರಕ್ಕೆ ಎಳೆದು, ಸೂರ್ಯನ ಹತ್ತಿರ ಬಂದಾಗ ಬೇಸಿಗೆ ಎಂಬ ತಪ್ಪನ್ನು ತಲೆಗೆ ತುಂಬುತ್ತವೆ. ಭೂಮಿ ಸೂರ್ಯನಿಗೆ ತೀರ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, 14.7 ಕೋಟಿ ಕಿಲೋಮೀಟರ್. ಜುಲೈನಲ್ಲಿ 15.2 ಕೋಟಿ. ಕಾಗದದ ಮೇಲೆ ಅಳತೆಗೆ ಸರಿಯಾಗಿ ಎಳೆದರೆ ಆ ಪಥ ಬರಿಗಣ್ಣಿಗೆ ವೃತ್ತವೇ.

ಇದನ್ನೇ ಪಾಠ ಮಾಡಿಕೊಳ್ಳಬಹುದು. ಅನಿಮೇಶನ್ ನಿಲ್ಲಿಸಿ, ಇದರಲ್ಲಿ ಅಳತೆ ಎಲ್ಲಿ ತಪ್ಪಿದೆ ಎಂದು ಕೇಳಿ. ಒಂದು ಸೆಂಟಿಮೀಟರ್ ಅಗಲದ ಭೂಮಿಯನ್ನು ಹಲಗೆಯ ಮೇಲೆ ಬರೆದು ಚಂದ್ರನನ್ನು ಎಲ್ಲಿ ಇಡುತ್ತೀರಿ ಎಂದು ಸೀಮೆಸುಣ್ಣವನ್ನು ಮಕ್ಕಳ ಕೈಗೇ ಕೊಡಿ. ಬಹಳಷ್ಟು ಮಂದಿ ಪಕ್ಕದಲ್ಲೇ ಇಡುತ್ತಾರೆ. ಸರಿಯಾದ ಜಾಗ ಇರುವುದು 30 ಸೆಂಟಿಮೀಟರ್ ದೂರದಲ್ಲಿ. ಸೂರ್ಯನಿಗೆ ಹಲಗೆ ಸಾಲದು. ಒಂದು ಮೀಟರಿಗಿಂತ ತುಸು ದೊಡ್ಡ ಚೆಂಡು ಬೇಕು, ಅದನ್ನು ಇಡುವುದಕ್ಕೆ ಸುಮಾರು 117 ಮೀಟರ್ ನಡೆದು ಹೋಗಬೇಕು.