ಪದ ಪರಿಚಯ: ಡಿಫ್ಲೇಟ್, ಒಂದೇ ಹೆಸರಿನ ಮೂರು ಜನ

"ಅಪಾಚೆಯಲ್ಲಿ ಡಿಫ್ಲೇಟ್ ಆನ್ ಮಾಡಿದೀನಿ, ಆದ್ರೆ ಹೆಡರ್‌ನಲ್ಲಿ ಜೀಜಿಪ್ ಅಂತ ಬರ್ತಿದೆ, ಡಿಫ್ಲೇಟ್ ಕೆಲಸ ಮಾಡ್ತಿಲ್ಲ, ಏನ್ ಮಾಡ್ಲಿ?" ಈ ಪ್ರಶ್ನೆ ಒಂದೇ ತಿಂಗಳಲ್ಲಿ ನನಗೆ ಮೂರನೇ ಸಲ ಬಂತು. ಅಪಾಚೆ ಅಂದ್ರೆ ಸೈಟ್‌ನ ಫೈಲ್‌ಗಳನ್ನ ಬ್ರೌಸರ್‌ಗೆ ಕಳಿಸೋ ಸರ್ವರ್ ಸಾಫ್ಟ್‌ವೇರ್, ಡಿಫ್ಲೇಟ್, ಜೀಜಿಪ್ ಎರಡೂ ಆ ಫೈಲ್‌ಗಳನ್ನ ಚಿಕ್ಕದು ಮಾಡಿ ಕಳಿಸೋದಕ್ಕೆ ಸಂಬಂಧಪಟ್ಟ ಹೆಸರುಗಳು, ಹೆಡರ್ ಅಂದ್ರೆ ಫೈಲ್ ಜೊತೆ ಹೋಗೋ ವಿವರ. ಮೊದಲ ಇಬ್ಬರು ಕೇಳಿ ಸುಮ್ಮನಾದ್ರು, ಮೂರನೆಯವರು ನನ್ನ ಉತ್ತರಕ್ಕೆ ಕಾಯದೆ ತಾವೇ ರಿಪೇರಿ ಮಾಡ್ಕೊಂಡಿದ್ರು, ಕಾನ್ಫಿಗ್‌ನಲ್ಲಿ ಇನ್ನೊಂದು ಸಾಲು ಸೇರಿಸಿ ಕಂಟೆಂಟ್-ಎನ್‌ಕೋಡಿಂಗ್ ಹೆಡರ್‌ಗೆ ಕೈಯಾರೆ ಡಿಫ್ಲೇಟ್ ಅಂತ ಬರೆದುಬಿಟ್ಟಿದ್ರು. ಅಲ್ಲಿಗೆ ಸೈಟ್‌ನ ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಎಲ್ಲ ಮಕಾಡೆ. ಪೇಜ್ ತೆಗೆದ್ರೆ ಬಿಳಿ ಹಾಳೆ ಮೇಲೆ ನೀಲಿ ಲಿಂಕುಗಳು, ಕನ್ಸೋಲ್ ತುಂಬ ಕಂಟೆಂಟ್ ಡಿಕೋಡಿಂಗ್ ಫೇಲ್ಡ್ ಅನ್ನೋ ಕೆಂಪು ಸಾಲುಗಳು.

ಅವರ ಸರ್ವರ್ ಮೊದಲು ಸರಿಯಾಗೇ ಇತ್ತು, ಡಿಫ್ಲೇಟ್ ಕೆಲಸ ಮಾಡ್ತಾನೇ ಇತ್ತು. ಕೆಟ್ಟಿದ್ದು ಪದದ ಅರ್ಥ. ಡಿಫ್ಲೇಟ್ ಅನ್ನೋ ಒಂದೇ ಹೆಸರಲ್ಲಿ ಮೂರು ಬೇರೆಬೇರೆ ವಸ್ತುಗಳಿವೆ, ಅದನ್ನ ಬಿಡಿಸಿ ಹೇಳದೆ "ಕಂಪ್ರೆಶನ್ ಬರ್ತಿಲ್ಲ" ಅಂತ ಹುಡುಕ್ತಾ ಕೂತ್ರೆ ಬೆಳಗಾದ್ರೂ ಸಿಗಲ್ಲ.

ಮೊದಲು ಪದ. ಲ್ಯಾಟಿನ್‌ನಲ್ಲಿ ಫ್ಲಾರೆ ಅಂದ್ರೆ ಊದೋದು. ಅದರಿಂದ ಇನ್‌ಫ್ಲೇಟ್, ಗಾಳಿ ತುಂಬೋದು. ಇನ್‌ಫ್ಲೇಟ್ ಇಂಗ್ಲಿಷ್‌ನಲ್ಲಿ ಹಳೇ ಪದ, ಅದಕ್ಕೆ ಎದುರಾಗಿ ಡಿಫ್ಲೇಟ್ ಅನ್ನೋದನ್ನ ಕಟ್ಟಿಕೊಂಡಿದ್ದು ಬಹಳ ತಡವಾಗಿ, 19ನೇ ಶತಮಾನದ ಕೊನೇಲಿ. ಅಂದ್ರೆ ಗಾಳಿ ಇಳಿಸೋದು. ಜೀಲಿಬ್ ಅನ್ನೋ ಲೈಬ್ರರಿಯಲ್ಲಿ ಫಂಕ್ಷನ್‌ಗಳ ಹೆಸರೂ ಇವೇ, ಚಿಕ್ಕದು ಮಾಡೋಕೆ ಡಿಫ್ಲೇಟ್, ಮತ್ತೆ ಮೊದಲಿನ ಹಾಗೆ ಮಾಡೋಕೆ ಇನ್‌ಫ್ಲೇಟ್. ಹೆಸರಿಟ್ಟವರು ಯೋಚನೆ ಮಾಡೇ ಇಟ್ಟಿದಾರೆ ಅನ್ಸತ್ತೆ ನನಗೆ, ಯಾಕಂದ್ರೆ ಸೈಕಲ್ ಟ್ಯೂಬಿನ ಗಾಳಿ ಇಳಿಸಿ, ಮಡಚಿ, ಚೀಲದಲ್ಲಿ ಹಾಕ್ಕೊಂಡು ಊರಿಗೆ ಹೋಗಿ ಮತ್ತೆ ಗಾಳಿ ಹೊಡೆದ್ರೆ ಅದೇ ಟ್ಯೂಬು, ಒಂದು ಎಳೆ ಹೆಚ್ಚಿಲ್ಲ ಕಮ್ಮಿ ಇಲ್ಲ. ಕನ್ನಡದಲ್ಲಿ ಕೆಲವರು ಇದಕ್ಕೆ "ಫೈಲ್ ಹಿಂಡೋದು" ಅಂತ ಬರೀತಾರೆ, ದಯವಿಟ್ಟು ಬೇಡ. ಹಿಂಡಿದ ನಿಂಬೆಹಣ್ಣಿಗೆ ರಸ ವಾಪಸ್ ತುಂಬೋಕಾಗತ್ತಾ? ಹಿಂಡೋದು ಜೇಪೆಗ್‌ಗೆ ಸರಿ, ಅದು ನಿಜವಾಗ್ಲೂ ಫೋಟೋದಲ್ಲಿರೋ ಮಾಹಿತಿ ಬಿಸಾಕತ್ತೆ. ಪತ್ರಿಕೆ ಕನ್ನಡದ "ಸಂಕೋಚನ"ವೂ ನನಗೆ ಒಗ್ಗಲ್ಲ, ಊಟಕ್ಕೆ ಕೂತಾಗ ಮಾಡ್ಕೋಬಾರದ್ದು ಸಂಕೋಚ, ಫೈಲ್‌ಗೆ ಅದು ಯಾಕೆ. ಸಿಡಿಗೆ ಅಡಕಮುದ್ರಿಕೆ ಅಂತ ಹೆಸರಿಟ್ಟಾಗಲೇ ನಮಗೆ ಅಡಕ ಅನ್ನೋ ಒಳ್ಳೇ ಪದ ಸಿಕ್ಕಿತ್ತು, ಕಮ್ಮಿ ಜಾಗದಲ್ಲಿ ಪೂರ್ತಿ ವಿಷಯ ಅನ್ನೋ ಅರ್ಥ ಅದರಲ್ಲೇ ಇದೆ, ನಾನಂತೂ ಅದನ್ನೇ ಬಳಸ್ತೀನಿ.

ಈಗ ಮೂರು ಜನ.

ಮೊದಲನೆಯದು ಅಡಕ ಮಾಡೋ ವಿಧಾನ. ಫಿಲ್ ಕಾಟ್ಸ್ ತಮ್ಮ ಪಿಕೆಜಿಪ್ ಅನ್ನೋ ಜಿಪ್ ಸಾಫ್ಟ್‌ವೇರ್‌ಗೋಸ್ಕರ ರೂಪಿಸಿದ್ದು, ಆಮೇಲೆ 1996ರಲ್ಲಿ ಆರ್‌ಎಫ್‌ಸಿ ಅನ್ನೋ ಇಂಟರ್‌ನೆಟ್ ತಾಂತ್ರಿಕ ದಾಖಲೆಗಳ ಸಾಲಿನಲ್ಲಿ ಆರ್‌ಎಫ್‌ಸಿ 1951 ಅಂತ ಪ್ರಕಟ ಆಯ್ತು. ಇದರ ಜೀವ ಇರೋದು 1977ರಲ್ಲಿ ಲೆಂಪೆಲ್ ಮತ್ತು ಜಿವ್ ಹೇಳಿದ ಐಡಿಯಾದಲ್ಲಿ, ಅದನ್ನ ನಮ್ಮ ಸಬ್‌ರಿಜಿಸ್ಟ್ರಾರ್ ಆಫೀಸಿನ ಕ್ರಯಪತ್ರ ಓದಿದವರಿಗೆ ವಿವರಿಸೋದೇ ಬೇಡ. ಜಮೀನಿನ ಹೋಬಳಿ, ಗ್ರಾಮ, ಸರ್ವೆ ನಂಬರು, ಚೆಕ್ಕುಬಂದಿ ಎಲ್ಲ ಒಂದು ಸಲ ಉದ್ದಕ್ಕೆ ಬರೆದ ಮೇಲೆ ಮುಂದೆಲ್ಲ "ಸದರಿ ಸ್ವತ್ತು", "ಸದರಿ ಸ್ವತ್ತು" ಅಷ್ಟೇ. ಡಿಫ್ಲೇಟ್ ಮಾಡೋದೂ ಇದೇ, "ಇಷ್ಟು ಬೈಟ್ ಹಿಂದೆ ಹೋಗು, ಅಲ್ಲಿಂದ ಇಷ್ಟು ಬೈಟ್ ಎತ್ಕೋ" ಅಂತ ಬರೆದಿಡತ್ತೆ, ಹಿಂದಕ್ಕೆ ನೋಡೋದು 32 ಕೆಬಿ ತನಕ, ಒಂದು ಸಲಕ್ಕೆ ಎತ್ಕೊಳ್ಳೋದು ಹೆಚ್ಚಂದ್ರೆ 258 ಬೈಟ್. ಅದಾದ ಮೇಲೆ ಹಫ್‌ಮನ್ ಕೋಡ್, ಜಾಸ್ತಿ ಬರೋದಕ್ಕೆ ಚಿಕ್ಕ ಗುರುತು, ಅಪರೂಪಕ್ಕೆ ಬರೋದಕ್ಕೆ ಉದ್ದ ಗುರುತು.

ಕನ್ನಡ ಪುಟಗಳಿಗೆ ಇದು ಎಷ್ಟು ಬೇಕು ಅನ್ನೋದನ್ನ ಒಂದೇ ಪದದಲ್ಲಿ ನೋಡ್ಬಹುದು. "ಕನ್ನಡ" ಅಂತ ಬರೆದ್ರೆ ಯೂನಿಕೋಡ್‌ನಲ್ಲಿ ಐದು ಚಿಹ್ನೆ, ಕ, ನ, ಒಂದು ಹಲಂತ, ಇನ್ನೊಂದು ನ, ಡ. ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 15. ಕ ಅಂದ್ರೆ 224 178 149, ನ ಅಂದ್ರೆ 224 178 168, ಹಲಂತ 224 179 141, ಡ 224 178 161. ಮೊದಲ ಬೈಟ್ ಯಾವಾಗ್ಲೂ 224, ಎರಡನೇದು 178 ಇಲ್ಲಾ 179, ಇಡೀ ಕನ್ನಡ ಲಿಪಿಗೆ ಹೀಗೇ. ಅಂದ್ರೆ ಮೂರರಲ್ಲಿ ಎರಡು ಬೈಟ್ ಬರೀ "ಸದರಿ"! ಕನ್ನಡ ಪುಟವನ್ನ ಅಡಕ ಮಾಡದೆ ಕಳಿಸೋದು ಅಂದ್ರೆ ಓದೋರ ಮೊಬೈಲ್ ಡೇಟಾದಲ್ಲಿ ಈ 224ನ್ನ ಸಾವಿರಾರು ಸಲ ಕಳಿಸೋದು. ಕನ್ನಡ ಸೈಟ್ ನಡೆಸೋರು ಇದನ್ನ ಒಂದು ಸಲನಾದ್ರೂ ಚೆಕ್ ಮಾಡ್ಬೇಕು ಅಂತ ನಾನು ಎಲ್ಲರಿಗೂ ಹೇಳ್ತಿರ್ತೀನಿ.

ಎರಡನೇ ಡಿಫ್ಲೇಟ್ ಎಚ್‌ಟಿಟಿಪಿ ಹೆಡರ್‌ನಲ್ಲಿ ಬರೋ ಚೀಟಿ. ಗೊಂದಲದ ತವರುಮನೆ ಇದೇ. ಡಿಫ್ಲೇಟ್ ಮಾಡಿದ ಡೇಟಾವನ್ನ ಹಾಗೇ ಬರಿಮೈಲಿ ಕಳಿಸಲ್ಲ, ಹಿಂದೆ ಮುಂದೆ ಒಂದು ಹೊದಿಕೆ ಹಾಕ್ತಾರೆ, ಬಂದದ್ದು ಸರಿಯಿದ್ಯಾ ಅಂತ ತಾಳೆ ನೋಡೋಕೆ. ಜೀಜಿಪ್ ಅನ್ನೋದು ಅಂಥ ಒಂದು ಹೊದಿಕೆ, ಆರ್‌ಎಫ್‌ಸಿ 1952, ಮುಂದೆ ಕನಿಷ್ಠ 10 ಬೈಟ್, ಹಿಂದೆ 8. ಆ ಲೈಬ್ರರಿಯ ಹೆಸರಲ್ಲೇ ಇರೋ ಜೀಲಿಬ್ ಇನ್ನೊಂದು ಹೊದಿಕೆ, ಆರ್‌ಎಫ್‌ಸಿ 1950, ಮುಂದೆ 2, ಹಿಂದೆ 4. ಎರಡರ ಒಳಗೂ ಇರೋದು ಅದೇ ಡಿಫ್ಲೇಟ್. ಈಗ 1997ರ ಎಚ್‌ಟಿಟಿಪಿ 1.1 ನಿಯಮದಲ್ಲಿ ಏನ್ ಮಾಡಿದ್ರು ಅಂದ್ರೆ, ಜೀಜಿಪ್ ಹೊದಿಕೆಗೆ ಜೀಜಿಪ್ ಅಂತಲೇ ಹೆಸರಿಟ್ರು, ಆದ್ರೆ ಜೀಲಿಬ್ ಹೊದಿಕೆಗೆ ಡಿಫ್ಲೇಟ್ ಅಂತ ಹೆಸರಿಟ್ರು. ಜೀಲಿಬ್ ಅಂತ ಇಟ್ಟಿದ್ರೆ ಮುಗೀತಿತ್ತು, ಜೀಲಿಬ್ ಬರೆದವರೇ ತಮ್ಮ ಪ್ರಶ್ನೋತ್ತರದಲ್ಲಿ ಈ ಮಾತು ಹೇಳಿದಾರೆ. ಹೆಸರು ನೋಡಿದ ಕೆಲವರು ಹೊದಿಕೆ ಇಲ್ಲದ ಬರೀ ಡಿಫ್ಲೇಟನ್ನೇ ಕಳಿಸೋಕೆ ಶುರು ಮಾಡಿದ್ರು, ಕೆಲವರು ನಿಯಮದ ಪ್ರಕಾರ ಜೀಲಿಬ್ ಹೊದಿಸಿ ಕಳಿಸಿದ್ರು, ಬ್ರೌಸರ್‌ಗಳು ಎರಡನ್ನೂ ಊಹೆ ಮಾಡಿ ಬಿಡಿಸೋದು ಕಲೀಬೇಕಾಯ್ತು. 2022ರ ಆರ್‌ಎಫ್‌ಸಿ 9110ರಲ್ಲೂ ಈ ಬಗ್ಗೆ ಒಂದು ಟಿಪ್ಪಣಿ ಇದೆ, ಇಪ್ಪತ್ತೈದು ವರ್ಷ ಆದ್ರೂ.

ಮೂರನೇದು ಅಪಾಚೆಯ ಮಾಡ್ಯೂಲ್, ಮಾಡ್ ಡಿಫ್ಲೇಟ್. ಕಾನ್ಫಿಗ್‌ನಲ್ಲಿ ದೊಡ್ಡಕ್ಷರದಲ್ಲಿ ಡಿಫ್ಲೇಟ್ ಅಂತ ಬರೀತೀವಲ್ಲ, ಅದು ಫಿಲ್ಟರ್‌ನ ಹೆಸರು. ಈ ಫಿಲ್ಟರ್ ಹೊರಗೆ ಕಳಿಸೋದು ಜೀಜಿಪ್ ಮಾತ್ರ. ಅಪಾಚೆ ಕೈಪಿಡಿಯಲ್ಲೇ ಬರೆದಿದೆ, ಹಳೇ ಬ್ರೌಸರ್‌ಗಳ ಜೊತೆ ಹೊಂದಿಕೊಳ್ಳೋಕೆ ಜೀಜಿಪ್ ಎನ್‌ಕೋಡಿಂಗ್ ಒಂದೇ, ಡಿಫ್ಲೇಟ್ ಎನ್‌ಕೋಡಿಂಗ್‌ಗೆ ಬೆಂಬಲ ಇಲ್ಲ ಅಂತ. ಹಾಗಾಗಿ ಮಾಡ್ ಡಿಫ್ಲೇಟ್ ಆನ್ ಇದ್ದು ಹೆಡರ್‌ನಲ್ಲಿ ಜೀಜಿಪ್ ಅಂತ ಬಂದ್ರೆ ಅದು ಸರಿ ಇದೆ ಅಂತ ಅರ್ಥ, ಅದನ್ನ ಮುಟ್ಟಬೇಡಿ. ಅಪಾಚೆ ಥರದ್ದೇ ಇನ್ನೊಂದು ಸರ್ವರ್ ಆದ ಎಂಜಿನ್‌ಎಕ್ಸ್‌ನವರು ತಮ್ಮ ಮಾಡ್ಯೂಲ್‌ಗೆ ನೇರವಾಗಿ ಜೀಜಿಪ್ ಅಂತಲೇ ಹೆಸರಿಟ್ಟಿದಾರೆ, ಅಲ್ಲಿ ಈ ಪ್ರಶ್ನೆ ಕೇಳಿದವರನ್ನ ನಾನು ಒಬ್ಬರನ್ನೂ ನೋಡಿಲ್ಲ.

ಹೆಡರ್ ಬದಲಾಯಿಸಿದವರ ಕಥೆ ಈಗ ಅರ್ಥ ಆಗತ್ತೆ. ಒಳಗೆ ಬಂದಿದ್ದು ಜೀಜಿಪ್ ಹೊದಿಕೆ, ಮೊದಲೆರಡು ಬೈಟ್ ಹೆಕ್ಸ್‌ನಲ್ಲಿ, ಅಂದ್ರೆ ಹದಿನಾರರ ಲೆಕ್ಕದಲ್ಲಿ, 1ಎಫ್ 8ಬಿ. ಚೀಟಿ ಹೇಳಿದ್ದು ಡಿಫ್ಲೇಟ್, ಹಾಗಾಗಿ ಬ್ರೌಸರ್ ಹುಡುಕಿದ್ದು ಜೀಲಿಬ್‌ನ ಗುರುತು, ಅದು ಸಾಮಾನ್ಯವಾಗಿ 78 9ಸಿ. ಸಿಗಲಿಲ್ಲ. ಹೊದಿಕೆ ಇಲ್ಲದ ಡಿಫ್ಲೇಟ್ ಇರಬಹುದಾ ಅಂತ ನೋಡಿದ್ರೆ 1ಎಫ್ ಅನ್ನೋ ಬೈಟ್‌ನ ಬಿಟ್‌ಗಳು ಅಲ್ಲಿ ಬರಲೇಬಾರದ ಬ್ಲಾಕ್ ನಮೂನೆ ಹೇಳ್ತವೆ. ಅಲ್ಲಿಗೆ ಕೈಚೆಲ್ಲಿತು. ಸೇರಿಸಿದ ಆ ಒಂದು ಸಾಲು ಅಳಿಸಿದ್ವಿ, ಸೈಟ್ ಎದ್ದು ಕೂತಿತು.

ನಿಜವಾಗ್ಲೂ ಅಡಕ ಆಗದೆ ಇರೋ ಫೈಲ್‌ಗಳೂ ಇರ್ತವೆ, ಅದರ ಕಾರಣಗಳು ಬೇರೆ. ಮೊದಲನೇದಾಗಿ ಕರ್ಲ್‌ಗೆ, ಅಂದ್ರೆ ಕಮಾಂಡ್ ಕೊಟ್ಟು ಪುಟ ತರಿಸಿ ನೋಡೋ ಸಾಧನಕ್ಕೆ, ಬರೀ ದೊಡ್ಡ ಐ ಹಾಕಿ ನೋಡಿ "ಬರ್ತಿಲ್ಲ" ಅನ್ನೋದು ನಿಲ್ಲಿಸಿ. ಕೇಳದೆ ಇದ್ರೆ ಸರ್ವರ್ ಕೊಡಲ್ಲ, ಆಕ್ಸೆಪ್ಟ್-ಎನ್‌ಕೋಡಿಂಗ್ ಹೆಡರ್ ನೀವೇ ಸೇರಿಸಬೇಕು, ಇಲ್ಲಾ ಕಂಪ್ರೆಸ್ಡ್ ಅನ್ನೋ ಆಯ್ಕೆ ಹಾಕ್ಬೇಕು. ಎಂಜಿನ್‌ಎಕ್ಸ್‌ನಲ್ಲಿ ಜೀಜಿಪ್ ಆನ್ ಅಂತ ಬರೆದ್ರೆ ಎಚ್‌ಟಿಎಂಎಲ್ ಮಾತ್ರ ಅಡಕ ಆಗತ್ತೆ, ಡಿಫಾಲ್ಟ್ ಹಾಗೇ ಇದೆ, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್, ಎಸ್‌ವಿಜಿಗಳ ಟೈಪ್‌ಗಳನ್ನ ಜೀಜಿಪ್ ಟೈಪ್ಸ್‌ನಲ್ಲಿ ನೀವೇ ಪಟ್ಟಿ ಮಾಡ್ಬೇಕು. ಅದರಲ್ಲೂ ಜಾವಾಸ್ಕ್ರಿಪ್ಟ್ ಒಂದು ಕಡೆ ಟೆಕ್ಸ್ಟ್ ಸ್ಲ್ಯಾಷ್ ಜಾವಾಸ್ಕ್ರಿಪ್ಟ್, ಇನ್ನೊಂದು ಕಡೆ ಅಪ್ಲಿಕೇಶನ್ ಸ್ಲ್ಯಾಷ್ ಜಾವಾಸ್ಕ್ರಿಪ್ಟ್, ನಿಮ್ಮ ಸರ್ವರ್ ಯಾವುದನ್ನ ಕಳಿಸತ್ತೋ ಅದೇ ಪಟ್ಟಿಯಲ್ಲಿರಬೇಕು, ಅನುಮಾನ ಇದ್ರೆ ಎರಡೂ ಹಾಕಿ. ಮುಂದೆ ಸಿಡಿಎನ್, ಅಂದ್ರೆ ಫೈಲ್‌ಗಳ ಪ್ರತಿ ಇಟ್ಕೊಂಡು ಓದೋರಿಗೆ ಹತ್ತಿರದಿಂದ ಕೊಡೋ ಸರ್ವರ್‌ಗಳ ಜಾಲ ಇದ್ದು ಅದು ವಯಾ ಹೆಡರ್ ಹಾಕಿ ಕೇಳಿದ್ರೆ ಎಂಜಿನ್‌ಎಕ್ಸ್ ಅದನ್ನ ಪ್ರಾಕ್ಸಿಯಿಂದ ಬಂದ ಕೋರಿಕೆ ಅಂತ ತಿಳಿದು ಅಡಕ ಮಾಡದೆ ಕೊಡತ್ತೆ, ಜೀಜಿಪ್ ಪ್ರಾಕ್ಸೀಡ್ ಅನ್ನೋ ಸಾಲು ಡಿಫಾಲ್ಟ್ ಆಗಿ ಆಫ್. ನೇರವಾಗಿ ಸರ್ವರ್‌ಗೆ ಹೋದ್ರೆ ಬರತ್ತೆ, ಸಿಡಿಎನ್ ಮೂಲಕ ಬರಲ್ಲ ಅಂದ್ರೆ ಮೊದಲು ನೋಡ್ಬೇಕಾದ್ದು ಅದನ್ನ. ಪಿಎನ್‌ಜಿ ಮತ್ತು ವಾಫ್-2 ಫಾಂಟ್‌ಗಳನ್ನ ಪಟ್ಟಿಗೆ ಸೇರಿಸಬೇಡಿ, ಪಿಎನ್‌ಜಿ ಒಳಗೆ ಇರೋದೇ ಡಿಫ್ಲೇಟ್, ವಾಫ್-2 ಒಳಗೆ ಬ್ರೋಟ್ಲಿ ಅನ್ನೋ ಇನ್ನೊಂದು ಅಡಕ ವಿಧಾನ, ಇಳಿಸೋಕೆ ಗಾಳಿ ಉಳಿದಿಲ್ಲ. ಮಿನಿಫೈ ಮಾಡಿದೀವಿ, ಅಂದ್ರೆ ಕೋಡ್‌ನಲ್ಲಿರೋ ಬೇಡದ ಖಾಲಿ ಜಾಗ ತೆಗೆದಿದೀವಿ, ಹಾಗಾಗಿ ಕಂಪ್ರೆಶನ್ ಬೇಡ ಅನ್ನೋರಿಗೆ, ಅದು ಬೇರೆ ಇದು ಬೇರೆ, ಎರಡೂ ಬೇಕು.

ನನ್ನ ಅರ್ಧ ದಿನ ತಿಂದಿದ್ದು ಮಾತ್ರ ಬೇರೆ. ನಾನು ನೋಡ್ಕೊಳ್ತಿದ್ದ ಒಂದು ಸೈಟ್‌ನಲ್ಲಿ ಜೀಜಿಪ್ ಸ್ಟ್ಯಾಟಿಕ್ ಆನ್ ಇತ್ತು, ಅಂದ್ರೆ ಸರ್ವರ್ ಪ್ರತಿ ಸಲ ಅಡಕ ಮಾಡಲ್ಲ, ಸ್ಟೈಲ್ ಡಾಟ್ ಸಿಎಸ್‌ಎಸ್ ಪಕ್ಕದಲ್ಲೇ ಮೊದಲೇ ಅಡಕ ಮಾಡಿಟ್ಟ ಡಾಟ್ ಜಿಜೆಡ್ ಫೈಲ್ ಇದ್ರೆ ಅದನ್ನೇ ಎತ್ತಿ ಕೊಡತ್ತೆ. ಸ್ಟ್ಯಾಟಿಕ್ ಫೈಲ್‌ಗೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ, ಒಂದೇ ಸಲ ಮಾಡೋದ್ರಿಂದ ಲೆವೆಲ್ 9, ಅಂದ್ರೆ ಅತಿ ಹೆಚ್ಚು ಅಡಕ, ಇಟ್ಟು ನಿಧಾನಕ್ಕೆ ಮಾಡ್ಬಹುದು. ಅವತ್ತು ಸಿಎಸ್‌ಎಸ್‌ನಲ್ಲಿ ಬಟನ್ ಬಣ್ಣ ಬದಲಾಯಿಸಿದೆ. ಕರ್ಲ್‌ನಲ್ಲಿ ನೋಡಿದ್ರೆ ಹೊಸ ಬಣ್ಣ, ಬ್ರೌಸರ್‌ನಲ್ಲಿ ಹಳೇದು. ಕ್ಯಾಶ್ ಕ್ಲಿಯರ್ ಮಾಡಿದೆ, ಬೇರೆ ಬ್ರೌಸರ್, ಬೇರೆ ಫೋನ್, ಎಲ್ಲದರಲ್ಲೂ ಹಳೇದು. ಕರ್ಲ್ ಅಡಕ ಕೇಳಿರಲಿಲ್ಲ, ಅದಕ್ಕೆ ಹೊಸ ಸಿಎಸ್‌ಎಸ್ ಸಿಕ್ತು, ಬ್ರೌಸರ್‌ಗಳು ಕೇಳಿದ್ವು, ಅವುಕ್ಕೆ ಪಕ್ಕದಲ್ಲಿದ್ದ ಹಳೇ ಜಿಜೆಡ್ ಸಿಕ್ತು. ಎರಡೂ ಫೈಲ್‌ನ ತಾರೀಕು ಒಂದೇ ಇರಲಿ ಅಂತ ಎಂಜಿನ್‌ಎಕ್ಸ್ ಕೈಪಿಡಿ ಹೇಳತ್ತೆ, ಪಟ್ಟಿ ತೆಗೆದು ತಾರೀಕು ನೋಡಿದ್ರೆ ಎರಡು ನಿಮಿಷದಲ್ಲಿ ಗೊತ್ತಾಗ್ತಿತ್ತು. ಅವತ್ತಿಂದ ಬಿಲ್ಡ್ ಸ್ಕ್ರಿಪ್ಟ್‌ನಲ್ಲಿ ಹಳೇ ಜಿಜೆಡ್ ಅಳಿಸಿ ಹೊಸದು ಮಾಡೋ ಸಾಲು ಮೊದಲು ಬರೀತೀನಿ, ಉಳಿದದ್ದು ಆಮೇಲೆ.

ಹೆಡರ್ ಮೇಲೆ ನಂಬಿಕೆ ಇಲ್ಲ ಅಂದಾಗ ಫೈಲ್‌ನ ಮೊದಲ ಬೈಟ್‌ಗಳನ್ನೇ ನೋಡಿ, ಹೆಕ್ಸ್‌ನಲ್ಲಿ ತೋರಿಸೋ ಯಾವ ಕಮಾಂಡ್ ಆದ್ರೂ ಸಾಕು. 1ಎಫ್ 8ಬಿ ಅಂದ್ರೆ ಜೀಜಿಪ್. 50 4ಬಿ ಅಂದ್ರೆ ಜಿಪ್, ಆ ಎರಡು ಬೈಟ್ ಅಕ್ಷರದಲ್ಲಿ ಓದಿದ್ರೆ ಪಿ ಮತ್ತು ಕೆ, ಫಿಲ್ ಕಾಟ್ಸ್ ಹೆಸರಿನ ಮೊದಲಕ್ಷರಗಳು, ಇನ್ನೂ ಪ್ರತಿ ಜಿಪ್ ಫೈಲ್‌ನಲ್ಲಿ ಕೂತಿವೆ. ಯಾರಾದ್ರೂ ಜಿಪ್ ಮಾಡಿ ಹೆಸರು ಮಾತ್ರ ಜಿಜೆಡ್ ಅಂತ ಬದಲಾಯಿಸಿದ್ರೆ ಇಲ್ಲೇ ಸಿಕ್ಕಿಬೀಳತ್ತೆ. ಜೀಜಿಪ್ ಬಿಡಿಸಿದ ಮೇಲೆ ಒಳಗೆ ಮತ್ತೆ 1ಎಫ್ 8ಬಿ ಕಂಡ್ರೆ ಎರಡು ಸಲ ಅಡಕ ಆಗಿದೆ, ಬಿಲ್ಡ್‌ನಲ್ಲಿ ಒಂದು ಸಲ, ಸರ್ವರ್‌ನಲ್ಲಿ ಇನ್ನೊಂದು ಸಲ. ಝೆಡ್‌ಸ್ಟ್ಯಾಂಡರ್ಡ್ ಅನ್ನೋ ಇನ್ನೊಂದು ಅಡಕ ವಿಧಾನ ಆದ್ರೆ 28 ಬಿ5 2ಎಫ್ ಎಫ್‌ಡಿ. ಬ್ರೋಟ್ಲಿಗೆ ಮಾತ್ರ ಇಂಥ ಗುರುತು ಇಲ್ಲವೇ ಇಲ್ಲ, ಹೆಡರ್‌ನಲ್ಲಿ ಬಿಆರ್ ಅಂತ ಇಲ್ಲದಿದ್ರೆ ಅದು ಬ್ರೋಟ್ಲಿ ಅಂತ ಬೈಟ್ ನೋಡಿ ಹೇಳೋಕಾಗಲ್ಲ, ಬಿಡಿಸಿಯೇ ನೋಡ್ಬೇಕು.