ಮೀನುಗಾರಿಕೆ ಬಗ್ಗೆ ಗೇಮ್ ಮಾಡಿದರೆ ಜನರ ಮನಸ್ಸು ಬದಲಾಗುತ್ತಾ?

ಪ್ರಶ್ನೆ: ನಾವು ಕಾರವಾರದ ಕಾಲೇಜು ವಿದ್ಯಾರ್ಥಿಗಳು. ಮರಿಮೀನು ಹಿಡಿಯುವುದು, ಲೈಟ್ ಫಿಶಿಂಗ್ (ರಾತ್ರಿ ಜೋರು ದೀಪ ಹಾಕಿ ಮೀನನ್ನು ಸೆಳೆದು ಹಿಡಿಯುವುದು), ಬಂಗುಡೆ ಮೀನು ಕಡಿಮೆಯಾಗುತ್ತಿರುವುದು, ಇವುಗಳ ಬಗ್ಗೆ ಒಂದು ಮೊಬೈಲ್ ಗೇಮ್ ಮಾಡಬೇಕು ಅಂತಿದ್ದೇವೆ. ಎಲ್ಲರೂ ಕೇಳುವುದು ಒಂದೇ, ಗೇಮ್ ಆಡಿ ಯಾರಾದರೂ ಬದಲಾಗ್ತಾರಾ ಅಂತ. ಬದಲಾಗುವ ಹಾಗೆ ಮಾಡುವುದು ಹೇಗೆ?

ಉತ್ತರ: ಈ ಪ್ರಶ್ನೆಯನ್ನು ತುಂಬಾ ಜನ ಕೇಳುತ್ತಾರೆ. ಶಿರಸಿ ಕಡೆಯವರು ಕಾಡಿನ ಬಗ್ಗೆ, ಕುಮಟಾದವರು ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಬಗ್ಗೆ. ನೀವು ಮೀನು ಅಂದಿದ್ದೀರಿ, ಅದನ್ನೇ ಹಿಡಿದು ಹೇಳುತ್ತೇನೆ.

ಮೊದಲು ನಿಮ್ಮನ್ನು ಕೇಳುವವರಿಗೆ ಕೊಡಬಹುದಾದ ಒಂದು ಉತ್ತರ. ಅಮೆರಿಕದಲ್ಲಿ 2006ರಲ್ಲಿ ‘ರೀ-ಮಿಷನ್’ ಅಂತ ಒಂದು ಗೇಮ್ ಬಂತು. ಕ್ಯಾನ್ಸರ್ ಇರುವ ಹದಿಹರೆಯದವರಿಗೆಂದೇ ಮಾಡಿದ್ದು. ಆಡುವವರು ದೇಹದೊಳಗೆ ಹೋಗಿ ಕ್ಯಾನ್ಸರ್ ಕೋಶಗಳನ್ನು ಹೊಡೆಯಬೇಕು. 375 ರೋಗಿಗಳ ಮೇಲೆ ನಡೆಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಈ ಗೇಮ್ ಆಡಿದವರು ಔಷಧಿಯನ್ನು ಹೆಚ್ಚು ಸರಿಯಾಗಿ ತೆಗೆದುಕೊಂಡಿದ್ದರು. ಗೇಮ್ ಮಾಡಿದವರ ಗುರಿ ಎಷ್ಟು ಸಣ್ಣದಿತ್ತು ನೋಡಿ. ಮಕ್ಕಳು ಚಿಕಿತ್ಸೆಯನ್ನು ತಪ್ಪಿಸಬಾರದು, ಅಷ್ಟೇ. ನೀವೂ ‘ಕಡಲು ಉಳಿಸಿ’ ಎಂಬಲ್ಲಿಂದ ಶುರು ಮಾಡಬೇಡಿ. ಯಾರು, ಯಾವ ನಿರ್ಧಾರವನ್ನು, ಯಾವಾಗ ಬೇರೆ ಥರ ತೆಗೆದುಕೊಳ್ಳಬೇಕು? ಅದನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ಉದಾಹರಣೆಗೆ, ಬಲೆಯ ಕಣ್ಣಿನ, ಅಂದರೆ ಮರಿ ತಪ್ಪಿಸಿಕೊಳ್ಳುವ ತೂತಿನ, ಅಳತೆ ಬಗ್ಗೆ ಬೋಟಿನವರು ತಮ್ಮಲ್ಲೇ ಕೂತು ಮಾತಾಡಬೇಕು.

ಈಗ ವಿನ್ಯಾಸಕ್ಕೆ ಬರೋಣ. ಇಂಥ ವಿಷಯ ಸಿಕ್ಕಿದ ಕೂಡಲೇ ಹೊಳೆಯುವ ಆಟ ಯಾವುದೆಂದರೆ, ಮೇಲಿಂದ ಮೀನು ಬೀಳುತ್ತವೆ, ದೊಡ್ಡದನ್ನು ಮುಟ್ಟಿದರೆ ಅಂಕ, ಮರಿಯನ್ನು ಮುಟ್ಟಿದರೆ ಅಂಕ ಹೋಯಿತು, ಕೊನೆಗೆ ಒಂದು ಸಂದೇಶ. ಇದು ಕೆಲಸ ಮಾಡುವುದಿಲ್ಲ. ಮೀನಿನ ಜಾಗಕ್ಕೆ ಮಾವಿನಹಣ್ಣು ಹಾಕಿದರೂ ಆಟ ಹಾಗೇ ಇರುತ್ತದೆ. ಆಡಿದವನು ಕಲಿಯುವುದು ಬೇಗ ಬೆರಳು ಆಡಿಸುವುದನ್ನು ಮಾತ್ರ. ಮರಿ ಹಿಡಿಯಬಾರದು ಅಂತ ಬೋಟಿನವರಿಗೆ ಗೊತ್ತಿಲ್ಲವೇ? ಗೊತ್ತಿದೆ. ಗೊತ್ತಿದ್ದೂ ಯಾಕೆ ಹಿಡಿಯುತ್ತಾರೆ ಎಂಬುದೇ ನಿಮ್ಮ ಗೇಮಿನ ವಿಷಯ ಆಗಬೇಕು.

ಗೇಮಿನಲ್ಲಿ ವಾದ ಮಾಡುವುದು ನಿಯಮಗಳು. ಇಯಾನ್ ಬೋಗೋಸ್ಟ್ ಎಂಬ ಅಮೆರಿಕದ ವಿದ್ವಾಂಸರು 2007ರಲ್ಲಿ ಇದರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ನಮ್ಮ ಹುಲಿ-ಕುರಿ ಆಟದಲ್ಲೂ ಇದು ಇದೆ. ಒಂಟಿ ಕುರಿಯನ್ನು ಹುಲಿ ಹಾರಿ ತಿನ್ನುತ್ತದೆ, ಕುರಿಗಳು ಒಟ್ಟಾಗಿ ನಿಂತರೆ ಹುಲಿ ಕಟ್ಟಿಬೀಳುತ್ತದೆ. ಒಗ್ಗಟ್ಟಿನ ಬಗ್ಗೆ ಅಲ್ಲಿ ಯಾರೂ ಭಾಷಣ ಮಾಡುವುದಿಲ್ಲ, ಅಲ್ವಾ?

ಇದನ್ನು ಕಂಪ್ಯೂಟರಿನಲ್ಲಿ ತುಂಬಾ ಚೆನ್ನಾಗಿ ಮಾಡಿದವರು ಉರುಗ್ವೆಯ ಗೊನ್ಸಾಲೋ ಫ್ರಾಸ್ಕಾ. ಅವರ ‘ಸೆಪ್ಟೆಂಬರ್ 12’ 2003ರಲ್ಲಿ ಬಂತು. ಒಂದು ಊರಿನ ಸಂತೆ. ಜನರ ನಡುವೆ ಕೆಲವರು ಭಯೋತ್ಪಾದಕರು. ನೀವು ಕ್ಷಿಪಣಿ ಬಿಡಬಹುದು. ಬಿಟ್ಟರೆ ಅಕ್ಕಪಕ್ಕದ ಜನರೂ ಸಾಯುತ್ತಾರೆ, ಅವರಿಗಾಗಿ ಅತ್ತವರಲ್ಲಿ ಕೆಲವರು ಹೊಸ ಭಯೋತ್ಪಾದಕರಾಗುತ್ತಾರೆ. ಹೊಡೆದಷ್ಟೂ ಸಂಖ್ಯೆ ಜಾಸ್ತಿ. ಗೆಲ್ಲುವ ದಾರಿಯೇ ಇಲ್ಲ. ಇಡೀ ಆಟ ಕೆಲವೇ ನಿಮಿಷದ್ದು, ಆದರೆ ಅದು ಹೇಳಬೇಕಾದ್ದನ್ನು ನಿಮ್ಮ ಬೆರಳಿನಿಂದಲೇ ಹೇಳಿಸುತ್ತದೆ.

ಎಚ್ಚರಿಕೆಗೆ ಇನ್ನೊಂದು ಕಥೆ. ಎಲಿಜಬೆತ್ ಮಗೀ ಎಂಬ ಅಮೆರಿಕದ ಮಹಿಳೆ 1904ರಲ್ಲಿ ‘ಲ್ಯಾಂಡ್‌ಲಾರ್ಡ್ಸ್ ಗೇಮ್’ ಎಂಬ ಬೋರ್ಡ್ ಆಟಕ್ಕೆ ಪೇಟೆಂಟ್ ಪಡೆದರು. ಜಮೀನು ಕೆಲವರ ಕೈ ಸೇರಿದರೆ ಉಳಿದವರ ಗತಿ ಏನಾಗುತ್ತದೆ ಎಂದು ತೋರಿಸುವುದು ಅವರ ಆಸೆಯಾಗಿತ್ತು. ಆ ಆಟವೇ ಕೈಯಿಂದ ಕೈಗೆ ಹೋಗಿ, 1935ರ ಹೊತ್ತಿಗೆ ‘ಮೊನಾಪಲಿ’ ಆಗಿ ಅಂಗಡಿಗೆ ಬಂತು. ಈಗ ಅದನ್ನು ಆಡುವವರಿಗೆ ಉಳಿದವರನ್ನು ದಿವಾಳಿ ಎಬ್ಬಿಸುವುದೇ ಖುಷಿ. ಗೆಲುವು ಎಂದು ಯಾವುದನ್ನು ಕರೆಯುತ್ತೀರೋ ಜನ ಅದನ್ನೇ ಹಿಂಬಾಲಿಸುತ್ತಾರೆ. ಹಾಗಾಗಿ ನಿಮ್ಮ ಗೇಮಿನಲ್ಲಿ ಅತಿ ಹೆಚ್ಚು ಹಣ ಮಾಡಿದವನೇ ಗೆದ್ದವನು ಅಂತ ಮಾತ್ರ ಇಡಬೇಡಿ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಒಂದು ಸಮುದ್ರ, ಒಂದೇ ಫೋನ್, ನಾಲ್ವರು ಆಟಗಾರರು. ಒಬ್ಬರಿಗೆ ಟ್ರಾಲ್ ಬೋಟ್ (ಬಲೆಯನ್ನು ಹಿಂದೆ ಎಳೆದುಕೊಂಡು ಹೋಗುವುದು), ಒಬ್ಬರಿಗೆ ಪರ್ಸೀನ್ ಬೋಟ್ (ಮೀನಿನ ಹಿಂಡಿನ ಸುತ್ತ ಬಲೆ ಹಾಕಿ ಬಿಗಿಯುವುದು), ಒಬ್ಬರು ದಡದಿಂದ ಏಂಡಿ ಬಲೆ ಎಳೆಯುವ ಗುಂಪಿನವರು, ಇನ್ನೊಬ್ಬರು ಮಾರ್ಕೆಟ್ಟಿನಲ್ಲಿ ಮೀನು ಮಾರುವ ಮಹಿಳೆ. ಒಂದು ಸುತ್ತು ಅಂದರೆ ಆಗಸ್ಟಿನಿಂದ ಮೇ ತನಕ. ಆಮೇಲೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ನಿಷೇಧ.

ಸಮುದ್ರದಲ್ಲಿ 100 ಬುಟ್ಟಿ ಮೀನು ಇದೆ ಅಂತ ಇಟ್ಟುಕೊಳ್ಳಿ. ಹಿಡಿದು ಉಳಿದದ್ದು ಮಳೆಗಾಲದಲ್ಲಿ ಮೂರನೇ ಒಂದು ಪಾಲು ಬೆಳೆಯುತ್ತದೆ, 100ಕ್ಕಿಂತ ಜಾಸ್ತಿ ಆಗುವುದಿಲ್ಲ. ಇವು ಆಟಕ್ಕೆ ಇಟ್ಟ ಅಂಕಿ, ನಿಜವಾದ ಕಡಲಿನ ಲೆಕ್ಕ ಅಲ್ಲ. ಎಲ್ಲರೂ ಸೇರಿ ವರ್ಷಕ್ಕೆ 25 ಹಿಡಿದರೆ 75 ಉಳಿದು ಮತ್ತೆ 100 ಆಗುತ್ತದೆ. 40 ಹಿಡಿದರೆ? 60 ಉಳಿದು 80 ಆಗುತ್ತದೆ. ಯಾರಿಗೂ ಹೆದರಿಕೆ ಆಗುವುದಿಲ್ಲ. ಮುಂದಿನ ವರ್ಷವೂ 40 ಹಿಡಿದರೆ 53ಕ್ಕೆ ಬರುತ್ತದೆ. ಮೂರನೇ ವರ್ಷವೂ ಹಾಗೇ ಮಾಡಿದರೆ 17ಕ್ಕೆ ಇಳಿಯುತ್ತದೆ. ನಾಲ್ಕನೇ ವರ್ಷ ಬಲೆ ಹಾಕಿದವರಿಗೆ ಡೀಸೆಲ್ ಖರ್ಚೂ ಹುಟ್ಟುವುದಿಲ್ಲ. ಸಮುದ್ರದಲ್ಲಿ ಎಷ್ಟಿದೆ ಎಂಬುದನ್ನು ಮಾತ್ರ ಪರದೆ ಮೇಲೆ ತೋರಿಸಬೇಡಿ. ಮೀನುಗಾರರಿಗೂ ಅದು ಕಾಣುವುದಿಲ್ಲ, ತಮ್ಮ ಬಲೆಗೆ ಬಂದದ್ದಷ್ಟೇ ಕಾಣುತ್ತದೆ.

ಇದು ಹೊಸ ಉಪಾಯವೇನಲ್ಲ. ಅಮೆರಿಕದ ಡೆನ್ನಿಸ್ ಮೆಡೋಸ್ ಎಂಬವರ ‘ಫಿಶ್ ಬ್ಯಾಂಕ್ಸ್’ ಎಂಬ ಆಟ ಇದೇ ಥರದ್ದು. ಆದರೆ ನಮ್ಮ ಕಡಲಿನಲ್ಲಿ ಸೇರಿಸಬೇಕಾದ್ದು ಬೇರೆ ಇದೆ. ಪ್ರತಿ ಸುತ್ತಿನಲ್ಲೂ ಸಾಲದ ಕಂತು ಬರಲಿ. ಐಸು, ಡೀಸೆಲ್, ಆಳುಗಳ ಪಾಲು ಕಳೆಯಲಿ. ಮರಿಮೀನಿಗೂ ಮೀನಿನ ಪುಡಿ ಮಾಡುವ ಫಿಶ್‌ಮೀಲ್ ಫ್ಯಾಕ್ಟರಿಯಲ್ಲಿ ಬೆಲೆ ಸಿಗಲಿ. ಕಂತು ಕಟ್ಟಲು ಹಣ ಕಡಿಮೆ ಬಿದ್ದ ವರ್ಷವೇ ಲೈಟ್ ಹಾಕುವ ಅವಕಾಶವೂ ಎದುರಿಗೆ ಬರಲಿ. ಕೇಂದ್ರ ಸರ್ಕಾರ ಲೈಟ್ ಫಿಶಿಂಗ್ ನಿಷೇಧಿಸಿದ್ದು 2017ರಲ್ಲಿ, ಆದರೂ ಸಾಲ ಕೊಟ್ಟವನು ಬಾಗಿಲಿಗೆ ಬಂದಾಗ ಆ ಗುಂಡಿ ಒತ್ತದೆ ಇರುವುದು ಎಷ್ಟು ಕಷ್ಟ ಎಂದು ಆಡುವವರಿಗೆ ತಿಳಿಯಬೇಕು. ಯಾರನ್ನೂ ಖಳನಾಯಕ ಮಾಡಬೇಡಿ. ಮಳೆ, ನೀರಿನ ಬಿಸಿ, ಸಮುದ್ರದ ಒಳಹರಿವು ಇವುಗಳಿಂದಲೂ ಮೀನು ಹೆಚ್ಚು ಕಡಿಮೆ ಆಗುತ್ತದೆ. ಅದಕ್ಕೊಂದು ಅದೃಷ್ಟದ ಚೀಟಿ ಇಡಿ. ಇಡದಿದ್ದರೆ ಕಾರವಾರದ ಬೈತಖೋಲ ಬಂದರಿನಲ್ಲಿ ಯಾರೂ ನಿಮ್ಮ ಗೇಮನ್ನು ನಂಬುವುದಿಲ್ಲ.

1970ರ ದಶಕದಲ್ಲಿ ಪರ್ಸೀನ್ ಬಂದ ಮೇಲೆ ನಮ್ಮ ರಂಪಣಿ, ಅಂದರೆ ದಡದಿಂದ ಎಳೆಯುವ ದೊಡ್ಡ ಬಲೆ, ಹೇಗೆ ಸೊರಗಿತು ಎಂಬುದನ್ನು ಹಿರಿಯರ ಬಾಯಿಂದಲೇ ಕೇಳಿಸಿಕೊಳ್ಳಿ. ಒಂದು ಬಲೆಗೆ ಎಷ್ಟೊಂದು ಮನೆಯವರು ಕೈ ಹಚ್ಚುತ್ತಿದ್ದರು, ಪಾಲು ಹೇಗೆ ಹಂಚುತ್ತಿದ್ದರು ಅಂತ ಕೇಳಿ. ಪಾಲಿನ ಆ ಲೆಕ್ಕವೇ ನಿಮಗೆ ಒಂದು ಒಳ್ಳೆಯ ನಿಯಮ ಕೊಡುತ್ತದೆ. ಅಲಾಸ್ಕಾದ ಇನ್ಯುಪಿಯಾಟ್ ಜನರ ಕಥೆಯ ‘ನೆವರ್ ಅಲೋನ್’ ಗೇಮ್ 2014ರಲ್ಲಿ ಬಂತು. ಅದನ್ನು ಕಟ್ಟುವಾಗ ಆ ಸಮುದಾಯದ ಹಿರಿಯರೂ ಕಥೆಗಾರರೂ ಜೊತೆಗಿದ್ದರು. ಮುಗಿದ ಮೇಲೆ ತೋರಿಸಿ ಒಪ್ಪಿಗೆ ಕೇಳುವುದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸವಿದೆ.

ಇಲ್ಲೊಂದು ಮಾತು ಹೇಳಲೇಬೇಕು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಕಾರವಾರದ ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟು ಎದ್ದ ಊರುಗಳಿವೆ. ಇವುಗಳ ಬಗ್ಗೆಯೂ ಗೇಮ್ ಮಾಡಬೇಕು ಅನ್ನಿಸಬಹುದು. ಆ ಮನೆಯವರು ಬೇಡ ಅಂದರೆ ಬೇಡ. ಒಬ್ಬರ ಮನೆ ಹೋದ ದಿನವನ್ನು ಅಂಕ ಗಳಿಸುವ ಹಂತ ಮಾಡುವ ಹಕ್ಕು ನಮಗಿಲ್ಲ.

ತಾಂತ್ರಿಕ ಕೆಲಸ ನೀವು ಅಂದುಕೊಂಡಷ್ಟು ದೊಡ್ಡದಲ್ಲ. ಮೊದಲ ಆವೃತ್ತಿ ಕಾಗದದಲ್ಲೇ ಇರಲಿ. ಸಮುದ್ರಕ್ಕೆ ಒಂದು ಡಬ್ಬಿ, ಮೀನಿಗೆ ಹುಣಸೆಬೀಜ, ಸಾಲಕ್ಕೆ ಚೀಟಿ. ನಿಯಮ ತಪ್ಪಿದ್ದರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ, ಅಲ್ಲೇ ತಿದ್ದಬಹುದು. ಆಮೇಲೆ ಕಥೆ ಜಾಸ್ತಿ ಇದ್ದರೆ ಟ್ವೈನ್, ಚಿತ್ರ ಮತ್ತು ಲೆಕ್ಕ ಜಾಸ್ತಿ ಇದ್ದರೆ ಗೊಡೊ. ಎರಡೂ ಗೇಮ್ ಕಟ್ಟುವ ಉಚಿತ ಸಾಫ್ಟ್‌ವೇರ್. ಗೊಡೊ ತಗೊಂಡರೆ 2023ರಲ್ಲಿ ಬಂದ ನಾಲ್ಕನೇ ಆವೃತ್ತಿ ಅಥವಾ ಅದಕ್ಕಿಂತ ಹೊಸದನ್ನೇ ತಗೊಳ್ಳಿ. ಹಳೆಯದರಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂರುವುದಿಲ್ಲ. ಗೇಮ್ ಇಂಟರ್ನೆಟ್ ಇಲ್ಲದೆ, ಕಡಿಮೆ ಬೆಲೆಯ ಫೋನಿನಲ್ಲೂ ಓಡಬೇಕು. ಓದುವುದಕ್ಕಿಂತ ಕೇಳುವುದು ಜಾಸ್ತಿ ಇರಲಿ, ಕನ್ನಡದ ಜೊತೆ ಕಾರವಾರದ ಕೊಂಕಣಿಯಲ್ಲೂ ದನಿ ಕೊಡಿಸಿ.

ಆಟ ಮುಗಿದ ಕೂಡಲೇ ಫೋನ್ ತೆಗೆದಿಡಬೇಡಿ. ನಾಲ್ವರೂ ಅಲ್ಲೇ ಕೂತಿರುವಾಗ ಕೇಳಿ, ‘ಯಾವ ವರ್ಷ ನಿಲ್ಲಿಸಬಹುದಿತ್ತು? ಆಗ ನಿಮ್ಮನ್ನು ತಡೆದದ್ದು ಏನು?’ ಬರುವ ಉತ್ತರ ಬರೆದುಕೊಳ್ಳಿ. ಕೆಲವು ತಿಂಗಳ ನಂತರ ಮತ್ತೆ ಹೋಗಿ, ಬಲೆಯ ಬಗ್ಗೆ ಏನಾದರೂ ಮಾತುಕತೆ ನಡೆಯಿತಾ ಅಂತ ವಿಚಾರಿಸಿ. ಎಷ್ಟು ಜನ ಡೌನ್‌ಲೋಡ್ ಮಾಡಿದರು ಎಂಬ ಲೆಕ್ಕದಿಂದ ಇದು ತಿಳಿಯುವುದಿಲ್ಲ.

ಜೂನ್, ಜುಲೈನಲ್ಲಿ ಬೋಟುಗಳು ಬಂದರಿನಲ್ಲೇ ಇರುತ್ತವೆ, ಬಲೆ ರಿಪೇರಿ ನಡೆಯುತ್ತಿರುತ್ತದೆ, ಜನ ಮಾತಿಗೆ ಸಿಗುತ್ತಾರೆ. ಹುಣಸೆಬೀಜದ ಆವೃತ್ತಿಯನ್ನು ಮೇ ಕೊನೆಯೊಳಗೆ ಸಿದ್ಧ ಮಾಡಿಕೊಳ್ಳಿ.